ಸಕ್ಕುಬಾಯಿಯ ಶಾವಿಗೆ ಸ್ಕ್ರೂ

ಆಳಂದದಿಂದ ಜೇವರ್ಗಿಯವರೆಗೆ ಕಂಪ್ಯೂಟರಿನಲ್ಲಿ ಸ್ಕ್ರೂ ವಿನ್ಯಾಸ ಮಾಡುವವನು ನಾನೊಬ್ಬನೇ. ಅಫಜಲಪುರದ ಒಂದು ಕಬ್ಬಿನ ಗಾಣಕ್ಕೆ ನಾನು ಮಾಡಿಕೊಟ್ಟ ಬೋಲ್ಟು ಎಷ್ಟು ಗಟ್ಟಿಯೆಂದರೆ, ಗಾಣ ಗುಜರಿಗೆ ಹೋಯಿತು, ಬೋಲ್ಟು ಹೋಗಲಿಲ್ಲ. ಅಂಥ ನನಗೆ ನಿಂಬರ್ಗಾದಿಂದ ಶೈಲಶ್ರೀ ಫೋನ್ ಮಾಡಿದಳು. ಅಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಜೇವರ್ಗಿಯ ಹುಡುಗನೊಂದಿಗೆ ಮದುವೆ ಗೊತ್ತಾಗಿತ್ತು.

"ಸುಶಾಂತ ಅಣ್ಣಾ, ನಮ್ಮ ಆಯಿ ಶಾವಿಗಿ ಮಷೀನಿನ ಸ್ಕ್ರೂ ಮುರದದ ನೋಡ್ರಿ. ಸೋಮವಾರ ಮದಿವಿ ಶಾವಿಗಿ ಒತ್ತಬೇಕು. ಆಯಿ ಊಟ ಬಿಟ್ಟಾಳ."

ಆಯಿ ಎಂದರೆ ಅವಳ ಅಜ್ಜಿ ಸಕ್ಕುಬಾಯಿ. ಆ ಮನೆಯಲ್ಲಿ ಮದುವೆಯಾಗುವ ಪ್ರತಿ ಹೆಣ್ಣಿನ ಶಾವಿಗೆಯನ್ನೂ ಆ ಯಂತ್ರದಲ್ಲೇ ಒತ್ತಿದ್ದಾರೆ. ಮೊಮ್ಮಗಳು ತೊಟ್ಟಿಲಲ್ಲಿದ್ದಾಗಲೇ, ಅವಳ ಶಾವಿಗೆಯನ್ನು ತಾನೇ ಒತ್ತಿಕೊಡುತ್ತೇನೆಂದು ಮುದುಕಿ ಮಾತು ಕೊಟ್ಟಿದ್ದಳಂತೆ. ಇನ್ನೊಂದು ಮದುವೆ ನೋಡುವಷ್ಟು ಆಯುಷ್ಯ ಅವಳಿಗೆ ಉಳಿದಿರಲಿಲ್ಲ.

"ಸ್ಕ್ರೂ ತಗೊಂಡು ಆಳಂದಕ್ಕ ಬಾ" ಎಂದೆ.

"ಮಷೀನಿಗಿ ಅರಿಶಿಣ ಹಚ್ಚಿ ಪೂಜಾ ಮಾಡ್ಯಾರ್ರಿ. ಶಾವಿಗಿ ಒತ್ತೂತನ ಅದರ ಒಂದು ತುಂಡೂ ಹೊಸ್ತಿಲಾ ದಾಟಂಗಿಲ್ಲ."

ಫೋನನ್ನು ಮುದುಕಿ ಕಸಿದುಕೊಂಡಳು. "ತಮ್ಮಾ, ಆ ಸ್ಕ್ರೂನ ಕಥಿ ಏನಂದ್ರ—"

"ಆಯಿ, ಕಥಿ ಬ್ಯಾಡ. ಒಂದು ಫೋಟೋ, ನಾಕು ಅಳತಿ ಕಳಸ್ರಿ. ನಾ ನೋಡಿದ್ರ ಕಬ್ಬಿಣ ತಾನೇ ಮಾತಾಡ್ತದ."

ಶೈಲಶ್ರೀ ಶಾಲೆಯ ವರ್ನಿಯರ್ ತಂದು ಕೂದಲೆಳೆಯಷ್ಟು ತಪ್ಪಿಲ್ಲದೆ ಅಳೆದಳು. ಫೋಟೋದಲ್ಲಿ ಮುದುಕಿ ಮುರಿದ ಸ್ಕ್ರೂವನ್ನು ಕೈಯಲ್ಲಿ ಹಿಡಿದು ಬೊಚ್ಚು ಬಾಯಿ ಬಿಟ್ಟು ನಗುತ್ತಿದ್ದಳು; ಪಕ್ಕದಲ್ಲಿ ಮೊಮ್ಮಗಳು.

ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ ಏಳು ಪಾಯಿಂಟ್ ಮೂರು ಮಿಲಿಮೀಟರ್. ಜಗತ್ತಿನ ಯಾವ ಕಾರ್ಖಾನೆಯೂ ಅಂಥ ಸ್ಕ್ರೂ ಮಾಡುವುದಿಲ್ಲ. ಸಾಫ್ಟ್‌ವೇರಿನಲ್ಲಿ ಸಿದ್ಧ ಸ್ಕ್ರೂಗಳ ಉದ್ದನೆಯ ಪಟ್ಟಿ ಇರುತ್ತದೆ. ಅದರಲ್ಲಿ ಇದರ ನೆಂಟರೂ ಇರಲಿಲ್ಲ. ಹಲ್ಲಿನ ಒಂದು ಬದಿ ಗೋಡೆಯಂತೆ ನೆಟ್ಟಗೆ, ಇನ್ನೊಂದು ಬದಿ ಇಳಿಜಾರು. ನಾನು ಮೊದಲು ಉದ್ದನೆಯ ಕಂಬ ನಿಲ್ಲಿಸಿದೆ, ಅದರ ಸುತ್ತ ಬಳ್ಳಿ ಹಬ್ಬಿದಂತೆ ಸುರುಳಿ ಗೆರೆ ಎಳೆದೆ, ಗೆರೆಯ ಬುಡದಲ್ಲಿ ಒಂದು ಹಲ್ಲಿನ ಆಕಾರ ಬರೆದು ಅದನ್ನು ಗೆರೆಗುಂಟ ಮೇಲಕ್ಕೆ ಓಡಿಸಿದೆ. ಹಲ್ಲು ಪಕ್ಕದ ಹಲ್ಲಿಗೆ ತಾಗಿ ಸಾಫ್ಟ್‌ವೇರು ಕೆಂಪಗಾಯಿತು. ಎರಡು ಕೂದಲಿನಷ್ಟು ಸವರಿದೆ, ಒಪ್ಪಿತು. ಕಂಪ್ಯೂಟರು ಎಷ್ಟು ಕಾದಿತ್ತೆಂದರೆ ಅದರ ಮೇಲೆ ಶೇಂಗಾ ಹುರಿದು ತಿಂದೆ.

ಹಿಂದಿನ ಓಣಿಯ ಆಫ್ತಾಬನ ಲೇತು ನನ್ನ ಫೈಲು ಓದಿಯೇ ಉಕ್ಕು ಕಡೆಯುತ್ತದೆ. ಅವನು ಪರದೆ ನೋಡಿ ಗಡ್ಡ ಕೆರೆದುಕೊಂಡ.

"ಮೊದಲ ಪ್ಲಾಸ್ಟಿಕ್‌ನ್ಯಾಗ ಒಂದು ತುಂಡು ಮಾಡಿ ಹಾಕಿ ನೋಡೋ ಭಾಯಿ."

"ಪ್ಲಾಸ್ಟಿಕ್ ತುಂಡು ಅನುಮಾನ ಇದ್ದವರಿಗಿ ಲೇ. ನಾ ಸುಶಾಂತ."

"ಅದಕ್ಕೇ ಹೇಳಾಕತ್ತೇನಿ" ಎಂದು ಆಫ್ತಾಬ ಉಕ್ಕನ್ನು ಲೇತಿಗೆ ಕಟ್ಟಿದ.

ಭಾನುವಾರ ಬೆಳಿಗ್ಗೆ ಮಿರಮಿರ ಮಿಂಚುವ ಸ್ಕ್ರೂ ಹಿಡಿದು ನಿಂಬರ್ಗಾದಲ್ಲಿ ಇಳಿದೆ. ಪಡಸಾಲೆಯ ತುಂಬ ಹೆಂಗಸರು ಗೋಧಿ ರವೆ ಸೋಸುತ್ತಿದ್ದರು. ಯಂತ್ರದ ಕಣ್ಣಿಗೆ ಸ್ಕ್ರೂ ಇಟ್ಟು ಗರ್ವದಿಂದ ತಿರುಗಿಸಿದೆ. ಹಿಡಿಯಲಿಲ್ಲ. ಎಣ್ಣೆ ಹಚ್ಚಿದೆ. ಹಿಡಿಯಲಿಲ್ಲ. ನಾನು ಬೆವರಿದ ಬೆವರಿಗೆ ಅಮರ್ಜಾ ಹಳ್ಳಕ್ಕೆ ನೆರೆ ಬರುತ್ತಿತ್ತು.

"ಕಬ್ಬಿಣ ಮಾತಾಡಾಕತ್ತದ ಏನು ತಮ್ಮಾ?" ಸಕ್ಕುಬಾಯಿ ಕೇಳಿದಳು. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಶೈಲಶ್ರೀ ಮಾತ್ರ ನಗಲಿಲ್ಲ.

"ಅಳತಿ ನಿಮ್ದು ತಪ್ಪ್ಯಾವ" ಎಂದು ಫೋನು ತೆಗೆದು ಫೋಟೋ ತೋರಿಸಿದೆ. ಮುದುಕಿ ಕನ್ನಡಕ ಏರಿಸಿ ಬಗ್ಗಿ ನೋಡಿದಳು.

"ಈಕಿ ನಾ ಅಲ್ಲ."

"ನೀವೇ ಅಲ್ರಿ?"

"ಮಾರಿ ನಂದು, ಕೈ ನಂದಲ್ಲ. ನಾ ಹುಟ್ಟಾ ಎಡಚಿ ಬೇಕೂಫಾ. ಸ್ಕ್ರೂ ಎಡಗೈಲೇ ಹಿಡದಿದ್ದೆ. ಇಲ್ಲಿ ಬಲಗೈಯಾಗ ಹ್ಯಾಂಗ ಬಂತು?"

ಅವಳ ತಲೆಯ ಹಿಂದಿನ ಕ್ಯಾಲೆಂಡರ್ ನೋಡಿದೆ. ಅಂಕಿಗಳೆಲ್ಲ ಬೆನ್ನು ತಿರುಗಿಸಿ ನಿಂತಿದ್ದವು. ಶೈಲಶ್ರೀ ತೆಗೆದದ್ದು ಸೆಲ್ಫಿ! ಅವಳ ಮೊಬೈಲಿನ ಮುಂದಿನ ಕ್ಯಾಮೆರಾ ಕನ್ನಡಿಯಂತೆ ಎಡಬಲ ಅದಲುಬದಲು ಮಾಡಿತ್ತು. ಸ್ಕ್ರೂವನ್ನು ತಲೆಕೆಳಗೆ ಹಿಡಿದರೂ ಅದರ ಸುತ್ತು ಬದಲಾಗುವುದಿಲ್ಲ. ಕನ್ನಡಿಯಲ್ಲಿ ಮಾತ್ರ ಬದಲಾಗುತ್ತದೆ. ಎಡಕ್ಕೆ ಏರುವ ಸುರುಳಿಯನ್ನು ನಾನು ಬಲಕ್ಕೆ ಏರಿಸಿದ್ದೆ.

"ಆಯಿ ತಾನೂ ಫೋಟೋದಾಗ ಬರಬೇಕಂದಳ್ರಿ, ಅದಕ್ಕ..." ಎಂದಳು ಶೈಲಶ್ರೀ.

"ಅವತ್ತ ಕಥಿ ಕೇಳಿದ್ರ ಇಷ್ಟೆಲ್ಲ ಆಗ್ತಿದ್ದಿಲ್ಲ" ಎಂದಳು ಸಕ್ಕುಬಾಯಿ. "ನಮ್ಮವ್ವನೂ ಎಡಚಿ. ಎಲ್ಲಾರೂ ಆಕಿಗಿ ಬಲಗೈಲೇ ತಿರುಗಸು ಅಂತ ಬಡಿತಿದ್ರು. ಯಡ್ರಾಮಿ ಹುಸೇನಸಾಬ ಅಂತ ಲೋಹಾರ, ಎಡಗೈಲೇ ಎದಿ ಕಡಿ ಎಳದ್ರ ಕೆಳಗ ಇಳಿಯೂ ಹಂಗ ಇದನ್ನ ಮಾಡಿಕೊಟ್ಟ. ಈಗ ಶೈಲೀನೂ ಎಡಚಿ. ಇದು ಆಕಿ ಕೂಡ ಜೇವರ್ಗಿಗಿ ಹೋಗೂ ಮಷೀನ್."

ನಾನು ಲ್ಯಾಪ್‌ಟಾಪ್ ತೆರೆದೆ. ಸುರುಳಿ ಎಡಕ್ಕೋ ಬಲಕ್ಕೋ ಎಂದು ಕೇಳುವ ಪುಟ್ಟ ಚೌಕವೊಂದಿದೆ. ಅಲ್ಲಿ ಗುರುತು ಬದಲಿಸಿದೆ. ಸ್ಕ್ರೂ ತಿರುಗಿ ನಿಂತಿತು. ಫೈಲನ್ನು ಅಲ್ಲಿಂದಲೇ ಆಫ್ತಾಬನಿಗೆ ಕಳಿಸಿ ಫೋನ್ ಮಾಡಿದೆ.

"ಪ್ಲಾಸ್ಟಿಕ್ ತುಂಡು ಮಾಡ್ಲೇನು?" ಎಂದ.

"ಮಾಡೋ ಮಾರಾಯಾ" ಎಂದೆ.

ಸಂಜೆ ಅವನೇ ಬೈಕಿನಲ್ಲಿ ಪ್ಲಾಸ್ಟಿಕ್ ತುಂಡು ತಂದ. ಯಂತ್ರದ ಕಣ್ಣಿಗೆ ಇಟ್ಟ ತಕ್ಷಣ ಅದು ಮೆಲ್ಲಗೆ ಒಳಗಿಳಿಯಿತು.

ಅವನ ಜೊತೆಯೇ ಆಳಂದಕ್ಕೆ ಮರಳಿ, ರಾತ್ರಿ ಉಕ್ಕಿನಲ್ಲಿ ಕಡೆಸಿ, ಸೋಮವಾರ ಮೊದಲ ಬಸ್ಸಿಗೆ ಹೊಸ ಸ್ಕ್ರೂ ತಂದೆ. ಸಕ್ಕುಬಾಯಿ ಕಣಕದ ಮುದ್ದೆ ತುಂಬಿ, ಎಡಗೈಯಿಂದ ಹಿಡಿಕೆ ಹಿಡಿದು ಎದೆಯ ಕಡೆಗೆ ಎಳೆದಳು. ಬಿಳಿ ಎಳೆಗಳು ಉದ್ದಕ್ಕೆ ಇಳಿದವು. ಅರ್ಧಕ್ಕೆ ಹಿಡಿಕೆ ಭಾರವಾಗಿ ಅವಳ ಕೈ ನಿಂತಿತು. ಶೈಲಶ್ರೀ ಪಕ್ಕ ನಿಂತು ಆ ಕೈಯ ಮೇಲೆ ತನ್ನ ಎಡಗೈ ಇಟ್ಟಳು. ಉಳಿದರ್ಧ ಇಬ್ಬರೂ ಸೇರಿ ಇಳಿಸಿದರು.

ಆ ಶಾವಿಗೆಯ ಒಂದೊಂದು ಎಳೆ ನಿಂಬರ್ಗಾದಿಂದ ಗೊಬ್ಬೂರಿಗೆ ಮುಟ್ಟುವಷ್ಟು ಉದ್ದವಿತ್ತು. ಮುದುಕಿ ಅಂದು ಎರಡು ಸಲ ಉಂಡಳು.

ಬಲಕ್ಕೆ ಏರುವ ಸ್ಕ್ರೂ ಈಗ ನನ್ನ ಅಂಗಡಿಯ ಮೇಜಿನ ಮೇಲಿದೆ. ಬಂದವರಿಗೆಲ್ಲ ತೋರಿಸುತ್ತೇನೆ: ಇಡೀ ಜಗತ್ತು ಹುಡುಕಿದರೂ ಇದಕ್ಕೆ ಹೊಂದುವ ನಟ್ ಸಿಗುವುದಿಲ್ಲ. ಇದೊಂದು ಮಾತನ್ನು ಮಾತ್ರ ಆಫ್ತಾಬನೂ ಖರೇ ಎನ್ನುತ್ತಾನೆ.