ಕೆಂಪು ಚೀಲದ ಗತ್ತು

ಕಬ್ಬಿಣದ ಅದಿರಿಗೆ ಚಿನ್ನದ ಬೆಲೆ ಇದ್ದ ಕಾಲದಲ್ಲಿ ಕಂಪ್ಲಿಯ ಕೊಟ್ರಬಸಪ್ಪನವರು ತಮ್ಮ ಅಕ್ಕಿ ಮಿಲ್ಲನ್ನೇ ನಂಬಿಕೊಂಡಿದ್ದರು. ಬೀಗರು, ಬಿಜ್ಜರು ಲಾರಿ ಮೇಲೆ ಲಾರಿ ಕೊಂಡು, ಮದುವೆಗೆ ಹೆಲಿಕಾಪ್ಟರ್ ತರಿಸುತ್ತಿದ್ದಾಗ ಇವರು ತೌಡು ಜರಡಿ ಹಿಡಿಯುತ್ತಿದ್ದರು. "ನಾನು ಅಂಥಾದಕ್ಕೆಲ್ಲ ಕೈ ಹಾಕಿದಾಂವಲ್ಲ" ಎಂದು ಈಗ ಹೇಳಿಕೊಳ್ಳುತ್ತಾರೆ. ಕೈ ಹಾಕಲು ಯಾರೂ ಕರೆದಿರಲಿಲ್ಲ ಎಂಬುದು ಊರಿಗೆಲ್ಲ ಗೊತ್ತು.

ಇಂಥವರಿಗೆ ದೊಡ್ಡ ಮನುಷ್ಯರಾಗುವ ಅವಕಾಶ ಮಗಳಿಂದ ಬಂತು. ರಸಾಯನಶಾಸ್ತ್ರ ಓದಿ ಬಂದ ಸ್ಫೂರ್ತಿ, ಮಿಲ್ಲಿನ ನುಚ್ಚಿನಿಂದ ಗಂಜಿ ತೆಗೆದು, ಬೆಲ್ಲದ ಗಾಣದಲ್ಲಿ ಉಳಿಯುವ ಕಬ್ಬಿನ ಸಿಪ್ಪೆಯ ಪುಡಿ, ಸೋಪಿನ ಕಾರ್ಖಾನೆಯಲ್ಲಿ ಉಳಿಯುವ ಗ್ಲಿಸರಿನ್ ಬೆರೆಸಿ ಕುದಿಸಿ, ಸಂಡಿಗೆ ಹಾಕುವಂತೆ ಹರವಿ ಒಣಗಿಸಿ ತೆಳ್ಳನೆ ಹಾಳೆ ಮಾಡಿದಳು. ಆ ಹಾಳೆಯ ಚೀಲ ಮಣ್ಣಿಗೆ ಬಿದ್ದರೆ ಮಣ್ಣೇ ಆಗುತ್ತಿತ್ತು. ಪ್ಲಾಸ್ಟಿಕ್ ಬಿಡಬೇಕಾಗಿ ಬಂದಿದ್ದ ಹಂಪಿಯ ಅಂಗಡಿಕಾರರ ಪರವಾಗಿ ಗವಿಸಿದ್ದಪ್ಪ ಬಂದು ಎಳೆದು ನೋಡಿ, ಮೂಸಿ ನೋಡಿ, ಒಂದು ಚೂರು ತಿಂದೂ ನೋಡಿದ.

"ಶುಕ್ರವಾರ ಮುಂಜಾನಿ ಮಾಲು ಬಂದ್ರ ವರ್ಷಪೂರ್ತಿ ನಿಮ್ದ ಚೀಲ. ಬರ್ಲಿಲ್ಲಂದ್ರ ಬಟ್ಟಿ ಚೀಲದೋರು ಬಾಗ್ಲಾಗ ನಿಂತಾರ್ರಿ."

ಅಷ್ಟಕ್ಕೇ ನಿಂತಿದ್ದರೆ ಕೊಟ್ರಬಸಪ್ಪನವರು ಬರೀ ಚೀಲದ ವ್ಯಾಪಾರಿ ಆಗಿರುತ್ತಿದ್ದರು. ಅಷ್ಟರಲ್ಲಿ ಸಂಡೂರಿನ ಒಂದು ಗಣಿ ಕಂಪನಿಗೆ ಪರಿಸರದ ನೆನಪಾಯಿತು. ಅರ್ಧ ಗುಡ್ಡ ತಿಂದವರಿಗೆ ಕೈಯಲ್ಲೊಂದು ಹಸಿರು ಚೀಲ ಹಿಡಿದು ಫೋಟೊ ತೆಗೆಸಿಕೊಳ್ಳಬೇಕೆನಿಸುವುದು ಸಹಜ. ಮ್ಯಾನೇಜರು ಇವರನ್ನು ಗೆಸ್ಟ್ ಹೌಸಿಗೆ ಕರೆಸಿ, ಗೋಡಂಬಿ ತಿನ್ನಿಸಿದ.

"ಅದಿರು ತೊಳೆದ ಕೆಸರು ನಮ್ಮಲ್ಲಿ ಕೆರೆಗಟ್ಟಲೆ ಬಿದ್ದಿದೆ ಸರ್. ಅದನ್ನ ನಿಮ್ಮ ಚೀಲಕ್ಕೆ ಸೇರಿಸಿ. ಹೊಸ ಮಷೀನು ನಮ್ಮ ಕಡೆಯಿಂದ."

ಸ್ಫೂರ್ತಿ ಒಪ್ಪಲಿಲ್ಲ. "ಬ್ಯಾಡಪ್ಪಾ. ಅದರಿಂದ ಬಣ್ಣ ಬರ್ತದ, ತೂಕ ಬರ್ತದ, ಬ್ಯಾರೆ ಏನೂ ಬರಂಗಿಲ್ಲ."

"ತೂಕ ಬಂದ್ರ ಏನವ್ವಾ ತಪ್ಪು? ಮನುಷ್ಯಾಗೂ ಒಂದು ತೂಕ ಬೇಕು."

"ಮ್ಯಾಲಿನ ಮೇಣದ ಲೇಪಾನೂ ಇನ್ನ ಕೊಟ್ಟಿಲ್ಲ. ನೀರು ತಾಗಿದ್ರ ವಾಪಸ್ ಗಂಜೀನ ಆಗ್ತದ."

"ಹಂಪ್ಯಾಗ ಚೀಲ ಕೊಳ್ಳೋರು ಮೀನು ಹಿಡಿಯಾಕ ಬರ್ತಾರೇನು?"

ಹೀಗೆ ಚೀಲ ಕೆಂಪಗಾಯಿತು. ಪ್ರತಿ ಚೀಲದ ಮೇಲೂ ತಮ್ಮ ಭಾವಚಿತ್ರ, ಅದರ ಕೆಳಗೆ 'ಸಂಡೂರಿನ ಅಸಲಿ ಅದಿರು ಬೆರೆಸಿ ಮಾಡಿದ್ದು' ಎಂಬ ದಪ್ಪಕ್ಷರ ಹಾಕಿಸಿದ ಕೊಟ್ರಬಸಪ್ಪನವರು, ಅದನ್ನೇ ಬ್ಯಾನರ್ ಮಾಡಿಸಿ ಮಾಲಿನ ಗಾಡಿಯ ಮುಂದೆಯೂ ಕಟ್ಟಿಸಿದರು. ಕಂಪ್ಲಿಯಿಂದ ನೆಟ್ಟಗೆ ಹಂಪಿಗೆ ಹೋಗಬೇಕಾದ ಮಾಲು, ಮ್ಯಾನೇಜರು ಬಾವುಟ ಬೀಸಬೇಕೆಂಬ ಒಂದೇ ಕಾರಣಕ್ಕೆ ಗುರುವಾರ ಸಂಡೂರು ಸುತ್ತಿಕೊಂಡು ಹೊರಟಿತು. ಭಾಷಣ ಮುಗಿಯುವಷ್ಟರಲ್ಲಿ ಹೊತ್ತು ಇಳಿದಿತ್ತು.

ಹೊಸಪೇಟೆಯ ದಾರಿಯಲ್ಲಿ ಅದಿರಿನ ಲಾರಿ ತಪಾಸಣೆಯ ಗೇಟೊಂದಿತ್ತು. ಅದರ ಕಾವಲಿನ ಅಂಜಿನಯ್ಯ ಕೈ ಅಡ್ಡ ಮಾಡಿ, ಬ್ಯಾನರನ್ನು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದ. ಒಂದು ಕಾಲದಲ್ಲಿ ಇದೇ ರಸ್ತೆಯಲ್ಲಿ ಲಾರಿಗಳು ಒಂದರ ಬಾಲ ಒಂದು ಹಿಡಿದು ಓಡುತ್ತಿದ್ದಾಗ ಇಲ್ಲಿ ಯಾರಿಗೂ ಓದುವ ಚಟ ಇರಲಿಲ್ಲ.

"ಅಸಲಿ ಅದಿರು. ಪರ್ಮಿಟ್ ತೋರ್ಸ್ರಿ."

"ಚೀಲ ಲೇ ಅವು. ಅದಿರು ಹೆಸರಿಗಷ್ಟ."

"ಹಂಗಂದ್ರ ಅಸಲಿ ಅಲ್ಲ? ಜನಕ್ಕ ಸುಳ್ಳು ಬರದೀರಿ?"

"ಸುಳ್ಳಲ್ಲ, ಬೆರೆಸೀವಿ."

"ಬೆರೆಸೀರಿ ಅಂದ್ರ ಐತಿ. ಐತಿ ಅಂದ್ರ ಪರ್ಮಿಟ್ ಬೇಕು. ನಾ ಏನೂ ಹೊಸಾದು ಹೇಳ್ಲಿಲ್ರಿ, ನಿಮ್ಮ ಫೋಟೊದ ಕೆಳಗ ಇದ್ದದ್ದ ಓದಿದೆ."

ಕೊಟ್ರಬಸಪ್ಪನವರು ಮ್ಯಾನೇಜರಿಗೆ ಫೋನು ಹಚ್ಚಿದರು. ಬಾವುಟ ಬೀಸುವಾಗ ಹೆಗಲ ಮೇಲೆ ಕೈ ಹಾಕಿದ್ದವನ ದನಿ ತಣ್ಣಗಿತ್ತು. "ನಮ್ಮ ಕೆಸರು ನಮ್ಮ ಗೇಟು ದಾಟೋದೇ ಇಲ್ವಲ್ಲ ಸರ್. ನೀವು ಎಲ್ಲಿಂದ ತಂದ್ರೋ ನೋಡಿ."

ಮಾಲನ್ನು ಗೇಟಿನ ಪಕ್ಕದ ಬಯಲಿಗೆ ಇಳಿಸಲಾಯಿತು. ಮೋಡ ಕಂಡು ಕೊಟ್ರಬಸಪ್ಪನವರು ಅಂಜಿನಯ್ಯನ ಬೆನ್ನು ಹತ್ತಿದರು. "ಮಳಿ ಬರೂ ಹಂಗೈತಿ, ಒಂದು ತಾಡಪಾಲಾರ ಹೊದಸಪಾ."

"ಅದಿರಿಗೆ ಯಾಕ್ರಿ ತಾಡಪಾಲು, ಕರಗತೈತೇನು?"

ರಾತ್ರಿ ಮಳೆ ಹೊಡೆಯಿತು. ಬೆಳಿಗ್ಗೆ ಅಪ್ಪ ಮಗಳು ಬಂದಾಗ ಬಯಲಿನಲ್ಲಿ ಚೀಲವೆಂಬುದೇ ಇರಲಿಲ್ಲ. ಗಂಜಿ ಗಟಾರ ಸೇರಿತ್ತು. ಕೆಂಪು ರಾಡಿ ಮಾತ್ರ ನೆಲಕ್ಕೆ ಮೆತ್ತಿಕೊಂಡಿತ್ತು. ಅಂಜಿನಯ್ಯ ಅದರ ಸುತ್ತ ಸುತ್ತುತ್ತಿದ್ದ. ಹಿಡಿದಿಟ್ಟ ಮಾಲು ತನ್ನ ಕಾವಲಿನಲ್ಲೇ ಹರಿದು ಹೋಗಿದ್ದು ಅವನಿಗೂ ಬಿಸಿ ಮುಟ್ಟಿಸಿತ್ತು.

"ಚೀಲ ಹಿಡದೆ ಅಂತ ಬರದ್ರ, ಚೀಲ ಎಲ್ಲಿ ಅಂತ ಸಾಹೇಬ್ರು ನನ್ನ ಕೇಳ್ತಾರ. ಅದಿರು ಅಂತ ಬರದ್ರ ಕಣ್ಣಿಗೆ ಕಾಣೂ ಹಂಗ ಬಿದ್ದೈತಿ. ಆದ್ರ ನಿಮ್ಮ ಮ್ಯಾಲ ಕೇಸಾಗತೈತಿ. ಏನಂತ ಬರೀಲ್ರಿ?"

"ಚೀಲ ಅಂತನ ಬರೀರಿ," ಎಂದಳು ಸ್ಫೂರ್ತಿ. "ಅಪ್ಪಾ, ಗವಿಸಿದ್ದಪ್ಪಗ ಖರೇ ಹೇಳೂಣು. ಅದಿರು ಬಿಟ್ಟು, ಮೇಣ ಹಚ್ಚಿ ಮತ್ತ ಮಾಡಿ ಕೊಡ್ತೀನಿ. ಸ್ವಲ್ಪ ದಿನ ಕೇಳಿದ್ರ ಕೊಡ್ತಾರ."

ಕೊಟ್ರಬಸಪ್ಪನವರ ಕಿಸೆಯಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು, ಹಂಪಿಯದೇ. ಎತ್ತಲಿಲ್ಲ. ಅವರು ಕಂಪ್ಲಿಯ ಚಹಾದಂಗಡಿಯ ಬೆಂಚುಗಳನ್ನು ನೆನೆಯುತ್ತಿದ್ದರು. 'ಕೊಟ್ರಬಸಪ್ಪನ ಚೀಲ ಗಂಜಿ ಆದ್ವಂತ' ಎಂಬ ಮಾತು ಆ ಬೆಂಚುಗಳ ಮೇಲೆ ಹೇಗೆ ಕೇಳಿಸುತ್ತದೆ? 'ಕೊಟ್ರಬಸಪ್ಪನ ಅದಿರು ಹಿಡದ್ರಂತ' ಎಂಬುದು ಹೇಗೆ? ಎರಡನೆಯದನ್ನು ಹೇಳುವಾಗ ಜನ ದನಿ ತಗ್ಗಿಸುತ್ತಾರೆ.

"ಅದಿರು ಅಂತ ಬರಕೋ," ಎಂದರು.

"ಅಪ್ಪಾ, ಕೇಸು."

"ದೊಡ್ಡ ದೊಡ್ಡೋರ ಮ್ಯಾಲ ಇಲ್ಲೇನು?"

ಸ್ಫೂರ್ತಿ ಅಪ್ಪನ ಮುಖವನ್ನೊಮ್ಮೆ, ರಾಡಿಯನ್ನೊಮ್ಮೆ ನೋಡಿದಳು. ಆಮೇಲೆ ಅವರ ಕಿಸೆಯಿಂದ ತಾನೇ ಫೋನು ತೆಗೆದುಕೊಂಡು, "ಗವಿಸಿದ್ದಪ್ಪಣ್ಣಾ, ನಾನು ಸ್ಫೂರ್ತಿ. ಇನ್ನ ಮ್ಯಾಲೆ ಮಾಲಿನ ಮಾತು ನನ್ನ ಕೂಡ ಆಡ್ರಿ" ಎನ್ನುತ್ತ ಸ್ಕೂಟಿಯ ಕಡೆ ನಡೆದಳು.

ಅಂಜಿನಯ್ಯ ಒಳಗಿನಿಂದ ಕುರ್ಚಿ ತಂದು, ಟವೆಲ್ಲಿನಿಂದ ಒರೆಸಿ ಹಾಕಿದ.

"ಕುಂದ್ರಿ ಸಾವ್ಕಾರ್ರ. ಚಾ ತರಸ್ಲ್ಯಾ?"

ಕೊಟ್ರಬಸಪ್ಪನವರು ಕಾಲ ಮೇಲೆ ಕಾಲು ಹಾಕಿ ಕುಳಿತರು.