ಕಾವ್ಯಶ್ರೀಯ ಮಾತ್ರೆ ಬಿಡಿಸಿದ ಅತ್ತೆ

ಕುದೇರಿನ ಚಿಕ್ಕಮಲ್ಲಮ್ಮನಿಗೆ ಆ ಜನವರಿ ತಿಂಗಳಲ್ಲಿ ಸೊಸೆಯ ಮೇಲೆ ಬಂದಿದ್ದ ಸಿಟ್ಟು ಅಷ್ಟಿಷ್ಟಲ್ಲ.

ಸಂಕ್ರಾಂತಿ ಕಳೆದು ನಾಲ್ಕು ದಿನವಾಗಿತ್ತು. ಹಲ್ಲು ಕಟಕಟ ಅನ್ನುವಂಥ ಚಳಿ. ಹಿತ್ತಲ ಹುಳದ ಮನೆಯಲ್ಲಿ ರೇಷ್ಮೆ ಹುಳುಗಳು ಕೊನೆಯ ಪೊರೆ ಬಿಟ್ಟು ಸೊಪ್ಪು ಮೇಯುತ್ತಿದ್ದವು. ಇನ್ನೊಂದು ವಾರ ಬೆಚ್ಚಗೆ ಕಾಪಾಡಿದರೆ ಗೂಡು ಕಟ್ಟುತ್ತಿದ್ದವು. ಬೆಳಿಗ್ಗೆ ಚಿಕ್ಕಮಲ್ಲಮ್ಮ ಹೋಗಿ ನೋಡುತ್ತಾಳೆ, ಬಾಗಿಲು ಹಾರುಹೊಡೆದಿದೆ. ಕಿಟಕಿಯ ಸೊಳ್ಳೆ ಪರದೆಯನ್ನೂ ಎತ್ತಿ ಕಟ್ಟಿದೆ. ಒಳಗೆ ಸೊಸೆ ಕಾವ್ಯಶ್ರೀ ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುತ್ತಾ ನಿಂತಿದ್ದಾಳೆ.

"ಏನಮ್ಮಿ ಇದು? ಹುಳ ಸೆಟ್ಕೊಂಡು ಸಾಯ್ಲಿ ಅಂತಾನಾ?"

"ಧಗೆ ಆಯ್ತದೆ ಅತ್ತೆ. ಉಸ್ರು ಕಟ್ದಂಗಾಯ್ತದೆ."

"ಈ ಚಳೀಲಿ ಧಗೆಯಾ? ಊರೋರೆಲ್ಲ ಕಂಬ್ಳಿ ಒದ್ಕೊಂಡು ಕೂತಾವ್ರೆ, ನಿಂಗೊಬ್ಳಿಗೆ ಧಗೆ!"

ಕಾವ್ಯಶ್ರೀ ಕೈಯಲ್ಲಿದ್ದ ಸೊಪ್ಪಿನ ಕುಕ್ಕೆಯನ್ನು ನೆಲಕ್ಕೆ ಕುಕ್ಕಿದಳು. "ನೀವೇ ನಿಂತ್ಕೊಂಡು ಮೇಯ್ಸಿ. ನನ್ ಕೈಲಾಗಲ್ಲ!" ಎಂದು ಕಿರುಚಿ ಹೊರಗೆ ಹೋದಳು.

ಮದುವೆಯಾಗಿ ಬಂದು ಮೂರು ವರ್ಷ. ಮೆತ್ತಗಿನ ಹುಡುಗಿ ಎಂದು ಊರೆಲ್ಲ ಹೊಗಳಿದ್ದ ಸೊಸೆ ಇವಳೇನಾ ಅನ್ನಿಸಿತು ಚಿಕ್ಕಮಲ್ಲಮ್ಮನಿಗೆ. ಎರಡು ತಿಂಗಳಿಂದ ಹೀಗೇ. ಮಾತಿಗೆ ಮುಂಚೆ ರೇಗು, ಆಮೇಲೆ ಅಳು. ಮೂರು ಹೊತ್ತಿನ ಊಟ ಆರು ಹೊತ್ತು ಉಣ್ಣುತ್ತಾಳೆ, ಆದರೂ ರವಿಕೆ ಜೋತಾಡುತ್ತದೆ. ಲೋಟ ಹಿಡಿದರೆ ಕೈ ನಡುಗಿ ಕಾಫಿ ಚೆಲ್ಲುತ್ತದೆ.

ಪಕ್ಕದ ಮನೆ ಕರಿಬಸಮ್ಮ ಗುಟ್ಟಾಗಿ ಹೇಳಿದಳು. "ಕಣ್ಣು ನೋಡ್ದಾ, ಎಂಗೆ ಅಗಲ ಆಗವೆ? ಏನೋ ಸೋಕೈತೆ ಕಣವ್ವ. ತಾಯಿತ ಕಟ್ಸು."

ಆ ವಾರ ಹುಳುಗಳ ಮೈಮೇಲೆ ಕಪ್ಪು ಚುಕ್ಕೆ ಕಾಣಿಸಿತು. ಪರದೆ ಎತ್ತಿದಾಗ ಊಜಿ ನೊಣ ಒಳಗೆ ಬಂದು ಮೊಟ್ಟೆ ಇಟ್ಟಿತ್ತು. ಅರ್ಧಕ್ಕರ್ಧ ಹುಳ ತಿಪ್ಪೆ ಸೇರಿತು. ಮನೆಯಲ್ಲಿ ದೊಡ್ಡ ರಂಪವಾಯಿತು. ಚಿಕ್ಕಮಲ್ಲಮ್ಮ ಬಾಯಿಗೆ ಬಂದದ್ದೆಲ್ಲ ಅಂದಳು. ಕಾವ್ಯಶ್ರೀಯೂ ಬಿಡಲಿಲ್ಲ. ಮಗ ದಿಲೀಪ್ ನಡುವೆ ನಿಂತು ಇಬ್ಬರ ಕೈಲೂ ಬೈಸಿಕೊಂಡ. ಮಾರನೇ ದಿನ ಬೆಳಿಗ್ಗೆ ಕಾವ್ಯಶ್ರೀ ಚೀಲ ಎತ್ತಿಕೊಂಡು ಗುಂಡ್ಲುಪೇಟೆಯ ತವರಿಗೆ ಬಸ್ ಹತ್ತಿದಳು.

"ಓಗ್ಲಿ ಬುಡ್ಲಾ," ಎಂದಳು ಚಿಕ್ಕಮಲ್ಲಮ್ಮ ಮಗನಿಗೆ. "ಕೋಪ ಇಳುದ್ಮೇಲೆ ತಾನೇ ಬತ್ತಾಳೆ."

ಹತ್ತು ದಿನವಾಯಿತು. ಬರಲಿಲ್ಲ.

ಹನ್ನೊಂದನೇ ದಿನ ಆರೋಗ್ಯ ಕೇಂದ್ರದ ಭವ್ಯ ಮನೆಗೆ ಬಂದಳು. ತಿಂಗಳಿಗೊಮ್ಮೆ ಬಂದು ಚಿಕ್ಕಮಲ್ಲಮ್ಮನ ಬಿಪಿ ನೋಡಿ ಮಾತ್ರೆ ಕೊಟ್ಟು ಹೋಗುವವಳು. ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುತ್ತಾ, "ಕಾವ್ಯ ಎಲ್ಲಿ ಅವ್ವ?" ಎಂದು ಕೇಳಿದಳು. ಅಷ್ಟೇ ಸಾಕಾಯಿತು. ಚಿಕ್ಕಮಲ್ಲಮ್ಮ ಧಗೆಯಿಂದ ಹಿಡಿದು ಊಜಿ ನೊಣದವರೆಗೆ ಒಂದೂ ಬಿಡದೆ ಹೇಳಿಬಿಟ್ಟಳು.

ಭವ್ಯ ಬಿಪಿ ಬರೆದುಕೊಳ್ಳುವುದನ್ನು ನಿಲ್ಲಿಸಿದಳು. "ಅವ್ವ, ಕಾವ್ಯ ಥೈರಾಯ್ಡ್ ಮಾತ್ರೆ ತಕ್ಕೊತಾವ್ಳಾ?"

ಚಿಕ್ಕಮಲ್ಲಮ್ಮ ಆ ಕಡೆ ಈ ಕಡೆ ನೋಡಿದಳು. ಎರಡು ವರ್ಷದ ಹಿಂದೆಯೂ ಕಾವ್ಯಶ್ರೀ ಹೀಗೇ ಸೊರಗಿದ್ದಳು, ಆದರೆ ಆಗ ಈ ರೇಗು ಇರಲಿಲ್ಲ. ಚಾಮರಾಜನಗರದ ದೊಡ್ಡಾಸ್ಪತ್ರೆಯಲ್ಲಿ ರಕ್ತ ನೋಡಿ ಥೈರಾಯ್ಡ್ ಜಾಸ್ತಿಯಾಗಿದೆ ಎಂದು ಮಾತ್ರೆ ಕೊಟ್ಟಿದ್ದರು. ಮಾತ್ರೆಯಲ್ಲಿ ಹುಡುಗಿ ಚೆನ್ನಾಗಿಯೇ ಆದಳು.

"ಅದಾ... ನಿಲ್ಸಿ ನಾಕು ತಿಂಗ್ಳಾಯ್ತು ಕಣಮ್ಮಿ."

"ಡಾಕ್ಟ್ರು ನಿಲ್ಸಿ ಅಂದ್ರಾ?"

"ಇಲ್ಲ. ನಾನೇ ನಿಲ್ಸು ಅಂದೆ. ಮದ್ವೆ ಮನೇಲಿ ಯಾರೋ ಅಂದ್ರು, ಆ ಮಾತ್ರೆ ನುಂಗ್ತಿದ್ರೆ ಮಕ್ಳಾಗಲ್ವಂತೆ. ಚೆನ್ನಾಗಿದ್ದೋಳಿಗೆ ಮಾತ್ರೆ ಯಾಕೆ?"

"ನೀವು ಬಿಪಿ ಮಾತ್ರೆ ಎಷ್ಟು ವರ್ಷದಿಂದ ನುಂಗ್ತಿದ್ದೀರಿ?"

"ಆರು ವರ್ಷ."

"ಇವತ್ತು ಬಿಪಿ ಚೆನ್ನಾಗೈತೆ ನೋಡಿ. ನಾಳೆಯಿಂದ ನಿಲ್ಸಿಬುಡಿ."

"ಅಯ್ಯೋ, ನಿಲ್ಸುದ್ರೆ ಏರ್ಕೊಂಡು ಬುಡ್ತದೆ. ಮಾತ್ರೆ ನುಂಗ್ತಿರೋದ್ಕೆ ಅಲ್ವಾ ಚೆನ್ನಾಗಿರೋದು..." ಎಂದಳು ಚಿಕ್ಕಮಲ್ಲಮ್ಮ. ತಾನು ಏನು ಹೇಳುತ್ತಿದ್ದೇನೆ ಎಂದು ಅವಳಿಗೇ ಕೇಳಿಸಿತು.

ಭವ್ಯ ನಿಧಾನವಾಗಿ ಹೇಳಿದಳು. "ಒಲ ಕಾಯೋನು ಆನೆ ಬಂತು ಅಂತ ನಮ್ ಎತ್ತಿಗೇ ಕಲ್ಲು ಬೀರುದ್ರೆ ಏನಾಯ್ತದೆ? ಎತ್ತು ಬೆದರಿ ದಿಕ್ಕೆಟ್ಟು ಓಡ್ತದೆ. ಮೈ ಕಾಯೋಕೆ ಅಂತ ನಮ್ಮೊಳಗೆ ಒಂದು ಶಕ್ತಿ ಇರ್ತದಲ್ಲ, ಕಾವ್ಯನ ಮೈಲಿ ಅದು ದಾರಿ ತಪ್ಪಿ ಕತ್ತಿನಲ್ಲಿರೋ ಥೈರಾಯ್ಡ್ ಗ್ರಂಥೀನೇ ಕೆಣಕ್ತಾ ಐತೆ. ಅದು ಮಿತಿಮೀರಿ ಕೆಲ್ಸ ಮಾಡ್ತದೆ. ಎದೆ ಓಡ್ತದೆ, ಕೈ ನಡುಗ್ತದೆ, ಧಗೆ, ನಿದ್ದೆ ಇಲ್ಲ, ರೇಗು. ಮಾತ್ರೆ ಅದ್ರ ಮೂಗುದಾರ. ನೀವು ಮೂಗುದಾರ ಬಿಚ್ಚಿಬುಟ್ರಿ."

"ಅಂಗಾದ್ರೆ ಆ ಕೋಪ..."

"ಕೋಪ ಅಲ್ಲ ಅವ್ವ. ಕಾಯಿಲೆ ಮತ್ತೆ ಕೆರಳೈತೆ. ತಡ ಮಾಡುದ್ರೆ ಎದೆಗೇ ಏಟು. ಜ್ವರ ಏರಿ, ವಾಂತಿ ಆಗಿ, ಮಾತು ತಡಬಡಾಯಿಸುದ್ರೆ ಪ್ರಾಣಕ್ಕೇ ಸಂಚಕಾರ. ಅಂಗೇನಾದ್ರೂ ಕಂಡ್ರೆ ಕೂಡ್ಲೇ ನೂರಾಎಂಟಕ್ಕೆ ಫೋನ್ ಮಾಡಿ."

ಚಿಕ್ಕಮಲ್ಲಮ್ಮ ತೋಳಿನ ಪಟ್ಟಿ ಬಿಚ್ಚಿ ಎದ್ದಳು. ಸೀರೆ ಬದಲಾಯಿಸಲಿಲ್ಲ, ಕರಿಬಸಮ್ಮ ಎಲ್ಲಿಗೆ ಎಂದು ಕೂಗಿದರೂ ತಿರುಗಲಿಲ್ಲ. ದಿಲೀಪ್ ಅಂಗಳದಲ್ಲಿ ಗೂಡ್ಸ್ ಆಟೋ ತೊಳೆಯುತ್ತಿದ್ದ. "ಬಕೆಟ್ ಮಡುಗ್ಲಾ. ಗುಂಡ್ಲುಪೇಟೆಗೆ ಓಗನ ನಡಿ," ಎಂದು ಮುಂದಿನ ಸೀಟಿನಲ್ಲಿ ಕುಳಿತೇಬಿಟ್ಟಳು.

ಗುಂಡ್ಲುಪೇಟೆಯಲ್ಲಿ ಕಾವ್ಯಶ್ರೀ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಹತ್ತೇ ದಿನದಲ್ಲಿ ಕೆನ್ನೆ ಒಳಗೆ ಹೋಗಿದ್ದವು. ಅತ್ತೆಯನ್ನು ಕಂಡು ಎದ್ದು ಬರಲು ಹೋದವಳು ಎರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಏದುಸಿರು ಬಿಟ್ಟಳು. ಚಿಕ್ಕಮಲ್ಲಮ್ಮ ಓಡಿಹೋಗಿ ಅವಳ ಕೈ ಹಿಡಿದಳು. ಆ ಕೈ ಬಿಸಿಯಾಗಿ ಒದ್ದೆಯಾಗಿತ್ತು. ಮಣಿಕಟ್ಟಿನಲ್ಲಿ ನಾಡಿ ಎಣಿಸಲಾಗದಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತು.

"ಅತ್ತೆ, ನಾನು ಬೇಕೂಂತ ಕಿರ್ಚಲಿಲ್ಲ," ಎಂದಳು ಕಾವ್ಯಶ್ರೀ. "ನಂಗೇ ಗೊತ್ತಾಗ್ದಂಗೆ ಬಂದ್ಬುಡ್ತದೆ."

"ಗೊತ್ತು ಕಣಮ್ಮಿ. ಈಗ ಗೊತ್ತಾಯ್ತು. ಆಟೋ ಹತ್ತು."

ಚಾಮರಾಜನಗರದ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಮ್ಮ ನಾಡಿ ನೋಡಿದರು. ನಿಮಿಷಕ್ಕೆ ನೂರ ಮೂವತ್ತೆಂಟು. ವಾರ್ಡಿಗೆ ಸೇರಿಸಿಕೊಂಡು, ಎದೆಯ ಇಸಿಜಿ ತೆಗೆಸಿ, ರಕ್ತ ಕಳಿಸಿದರು. ಆಮೇಲೆ ಹೊರಗೆ ಬಂದು ಕೇಳಿದರು.

"ಮಾತ್ರೆ ಯಾಕೆ ಬಿಟ್ಟಳು?"

ತವರಿನಿಂದ ಜೊತೆಗೆ ಬಂದಿದ್ದ ಕಾವ್ಯಶ್ರೀಯ ತಾಯಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಚಿಕ್ಕಮಲ್ಲಮ್ಮ ಮುಂದೆ ಬಂದಳು.

"ಅವ್ಳು ಬುಡ್ಲಿಲ್ಲ ತಾಯಿ. ಬುಡ್ಸಿದ್ದು ನಾನು. ಮಕ್ಳಾಗಲ್ಲ ಅಂತ ಯಾರೋ ಅಂದ್ರು, ನಂಬ್ಕಂಡೆ. ಬೈಯೋದಿದ್ರೆ ನನ್ನ ಬೈಯಿರಿ. ಆದ್ರೆ ಇನ್ಮೇಲೆ ಏನು ಮಾಡ್ಬೇಕು, ಅದ್ನೂ ನಂಗೇ ಏಳ್ಕೊಡಿ."

ಡಾಕ್ಟರಮ್ಮ ಬೈಯಲಿಲ್ಲ. ಅಲ್ಲೇ ಬೆಂಚಿನ ಮೇಲೆ ಅವಳ ಪಕ್ಕ ಕೂತು ಹೇಳಿದರು. "ಕಾಯಿಲೆ ಹತೋಟಿಗೆ ಬಂದರೆ ಮಕ್ಕಳಾಗುತ್ತವೆ ಅಮ್ಮ. ಹತೋಟಿ ತಪ್ಪಿದರೇ ತೊಂದರೆ. ಮಗು ಬೇಕು ಅನ್ನಿಸಿದಾಗ ಮೊದಲು ನಮಗೆ ಹೇಳಿ, ಮಾತ್ರೆ ಬದಲಾಯಿಸಬೇಕಾದರೆ ನಾವೇ ಬದಲಾಯಿಸುತ್ತೇವೆ. ಈ ಕಾಯಿಲೆ ಅಡಗಿದಂತೆ ಕಂಡು ಮತ್ತೆ ಕೆರಳಬಹುದು. ಮಾತ್ರೆ ಯಾವಾಗ ಇಳಿಸಬೇಕು, ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ರಕ್ತ ಪರೀಕ್ಷೆ ನೋಡಿ ನಾವು ಹೇಳುತ್ತೇವೆ."

ಆಮೇಲೆ ದಿಲೀಪನ ಜೇಬಿನ ಸಿಗರೇಟ್ ಪ್ಯಾಕಿನ ಕಡೆ ಬೆರಳು ತೋರಿಸಿದರು. "ನಿನ್ನ ಹೊಗೆ ನಿನ್ನ ಹೆಂಡತಿ ಕಣ್ಣಿಗೆ ಕೇಡು. ಈ ಕಾಯಿಲೆಯಲ್ಲಿ ಕಣ್ಣು ಉಬ್ಬುತ್ತೆ, ಹೊಗೆಯಿಂದ ಅದು ಇನ್ನೂ ಹೆಚ್ಚುತ್ತೆ." ದಿಲೀಪ್ ಪ್ಯಾಕನ್ನು ಅಲ್ಲೇ ಕಸದ ಬುಟ್ಟಿಗೆ ಹಾಕಿದ. ಆಮೇಲೂ ಎರಡು ಮೂರು ಸಲ ಕದ್ದು ಸೇದಿದ ಅನ್ನಿ. ಚಿಕ್ಕಮಲ್ಲಮ್ಮ ಮೂಸಿ ಹಿಡಿದಳು. ಈಗ ಪೂರ್ತಿ ಬಿಟ್ಟಿದ್ದಾನೆ.

ಆರು ದಿನದ ಮೇಲೆ ಕಾವ್ಯಶ್ರೀಯನ್ನು ಕುದೇರಿಗೆ ಕರೆತಂದರು. ಎದೆಬಡಿತ ಇಳಿದಿತ್ತು, ಸುಸ್ತು ಮಾತ್ರ ಇತ್ತು. ಪೂರ್ತಿ ಸರಿಹೋಗಲು ವಾರಗಳೇ ಬೇಕು ಎಂದು ಭವ್ಯ ಮೊದಲೇ ಎಚ್ಚರಿಸಿದ್ದಳು. ಎದೆಬಡಿತ ಜೋರಾಗಿದ್ದಷ್ಟು ದಿನ ಭಾರದ ಕೆಲಸ ಬೇಡ, ಕಾಫಿ ಕಡಿಮೆ ಮಾಡು, ನಿದ್ದೆ ಕೆಡಬೇಡ ಅಂದಿದ್ದಳು. ಸೊಪ್ಪು ಹೊರುವುದನ್ನು ದಿಲೀಪ್ ವಹಿಸಿಕೊಂಡ.

ಭವ್ಯ ಚಿಕ್ಕಮಲ್ಲಮ್ಮನಿಗೆ ನಾಡಿ ಎಣಿಸುವುದನ್ನೂ ಕಲಿಸಿದಳು. ಬೆಳಿಗ್ಗೆ ಎದ್ದ ಕೂಡಲೇ, ಕಾಫಿಗೂ ಮುಂಚೆ, ಸೊಸೆಯ ಹೆಬ್ಬೆರಳಿನ ಬುಡದ ಮಣಿಕಟ್ಟಿಗೆ ಎರಡು ಬೆರಳು ಇಟ್ಟು, ಗೋಡೆ ಗಡಿಯಾರದ ಸೆಕೆಂಡು ಮುಳ್ಳು ಒಂದು ಪೂರ್ತಿ ಸುತ್ತು ಬರುವವರೆಗೆ. ಚಿಕ್ಕಮಲ್ಲಮ್ಮ ಮೊದಲ ವಾರವೆಲ್ಲ ಎಣಿಕೆ ತಪ್ಪಿದಳು. ಮತ್ತೆ ಮೊದಲಿಂದ ಎಣಿಸಿದಳು. ಕರಿಬಸಮ್ಮ ನಕ್ಕಳು. "ಈ ವಯ್ಸಲ್ಲಿ ಡಾಕ್ಟ್ರಾಗಕ್ಕೆ ಹೊಂಟಿದ್ದೀಯಾ?"

"ಮಾತ್ರೆ ಬುಡ್ಸಿದ ಕೈ ಇದು. ಇದೇ ಕೈಲೇ ಎಣಿಸ್ತೀನಿ," ಎಂದಳು ಚಿಕ್ಕಮಲ್ಲಮ್ಮ.

ಎಪ್ಪತ್ತರ ಆಸುಪಾಸಿಗೆ ನಾಡಿ ಬಂದು ನಿಂತಿತು. ಡಾಕ್ಟರು ಹೇಳಿದ ದಿನ ತಪ್ಪದೆ ರಕ್ತ ಪರೀಕ್ಷೆ ಮಾಡಿಸಿದರು. ಅತ್ತೆ ಸೊಸೆಗೆ ಮಾತಿಗೆ ಮಾತು ಬೆಳೆಯುವುದೇನೂ ನಿಲ್ಲಲಿಲ್ಲ. ಒಂದು ದಿನ ಹುಳದ ಸೊಪ್ಪನ್ನು ದಪ್ಪದಪ್ಪ ಕತ್ತರಿಸಿದ್ದಕ್ಕೆ ಜಗಳ ಶುರುವಾಯಿತು. ಚಿಕ್ಕಮಲ್ಲಮ್ಮ ಸೊಸೆಯ ಕೈ ಹಿಡಿದು ಗಡಿಯಾರ ನೋಡಿದಳು. "ಎಪ್ಪತ್ನಾಕು. ಕಾಯಿಲೆ ಅಲ್ಲ ಇದು, ನಿನ್ ಸ್ವಂತ ಕೋಪ. ಈಗ ಬೈಕೋ, ನಾನೂ ಬೈತೀನಿ." ಕಾವ್ಯಶ್ರೀ ನಗು ತಡೆಯಲಾರದೆ ಕುಕ್ಕೆ ಹಿಡಿದುಕೊಂಡೇ ಕೂತುಬಿಟ್ಟಳು.

ಅಕ್ಟೋಬರಿನಲ್ಲಿ ಇನ್ನೊಂದು ಕಷ್ಟ ಎದುರಾಯಿತು. ಊರಲ್ಲೆಲ್ಲ ಜ್ವರ. ಕಾವ್ಯಶ್ರೀಗೂ ಮೈ ಬಿಸಿಯಾಗಿ ಗಂಟಲು ನೋವು ಹತ್ತಿತು. ಬೆಳಿಗ್ಗೆ ನಾಡಿ ನೂರಾ ಆರು.

"ಎಲ್ರಿಗೂ ಬಂದದಲ್ಲ ಕಣವ್ವ," ಎಂದ ದಿಲೀಪ್. "ಮೆಡಿಕಲ್ ಅಂಗಡೀಲಿ ಎರ್ಡು ಮಾತ್ರೆ ತತ್ತೀನಿ ಬುಡು."

"ಎಲ್ರೂ ಈ ಮಾತ್ರೆ ನುಂಗಲ್ಲ ಕಣ್ಲಾ. ಜ್ವರ, ಗಂಟಲು ನೋವು, ಬಾಯಿ ಹುಣ್ಣು ಬಂದ್ರೆ ಆವತ್ತೇ ರಕ್ತ ನೋಡಿಸ್ಬೇಕು, ಡಾಕ್ಟ್ರನ್ನ ಕೇಳ್ದೆ ಮುಂದಿನ ಮಾತ್ರೆ ನುಂಗ್ಬೇಡಿ ಅಂತ ಡಾಕ್ಟ್ರಮ್ಮ ಏಳಿರ್ಲಿಲ್ವಾ? ಅಪರೂಪಕ್ಕೆ ಈ ಮಾತ್ರೆ ರಕ್ತದ ಬಿಳಿ ಕಣ ಕಮ್ಮಿ ಮಾಡ್ತದಂತೆ. ಆಟೋ ತೆಗಿ."

ಅಂದೇ ಹೋದರು. ಬಿಳಿ ರಕ್ತಕಣ ಸರಿಯಾಗಿಯೇ ಇದ್ದವು. ಆದರೆ ಥೈರಾಯ್ಡ್ ತುಸು ಏರಲು ಶುರುವಾಗಿತ್ತು. "ಬಂದದ್ದು ಒಳ್ಳೆಯದಾಯಿತು. ಜ್ವರ ಅಂತ ಸುಮ್ಮನಿದ್ದಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ," ಎಂದು ಡಾಕ್ಟರಮ್ಮ ಮಾತ್ರೆಯ ಅಳತೆ ತಿದ್ದಿದರು. ಈ ಸಲ ವಾರ್ಡಿಗೆ ಸೇರಿಸಬೇಕಾಗಲಿಲ್ಲ. ಯಾರೂ ತವರಿನ ಬಸ್ ಹತ್ತಲಿಲ್ಲ. ಆರು ವಾರದ ನಂತರ ನೋಡಿದಾಗ ಎಲ್ಲ ಸರಿಯಾಗಿತ್ತು.

ಮೊನ್ನೆ ಸ್ವಸಹಾಯ ಸಂಘದ ಸಭೆಯಲ್ಲಿ ಚಿಕ್ಕಮಲ್ಲಮ್ಮ ತಾನೇ ಎದ್ದು ನಿಂತು ಈ ಕಥೆಯನ್ನೆಲ್ಲ ಹೇಳಿದಳು. ತನ್ನ ತಪ್ಪನ್ನೂ ಮುಚ್ಚಿಡಲಿಲ್ಲ. ಸಭೆ ಮುಗಿದ ಮೇಲೆ ಕರಿಬಸಮ್ಮ ಮೆಲ್ಲಗೆ ಹತ್ತಿರ ಬಂದಳು. "ನನ್ ಮಗ್ಳೂ ಎರ್ಡು ತಿಂಗ್ಳಿಂದ ಸೊರಗ್ತಾವ್ಳೆ ಕಣವ್ವ. ಕೈ ನಡುಗ್ತದೆ ಅಂತಾಳೆ. ನಾಳೆ ಭವ್ಯನ ತಾವ್ಕೆ ನೀನೂ ಬತ್ತೀಯಾ?"

"ನಾಳೆ ಯಾಕೆ? ಇನ್ನೂ ಬೆಳಕೈತೆ, ಈಗ್ಲೇ ಓಗನ ನಡಿ," ಎಂದಳು ಚಿಕ್ಕಮಲ್ಲಮ್ಮ.

ಇದನ್ನು ಓದುತ್ತಿರುವ, ಓದಿಸಿಕೊಂಡು ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಇದ್ದಕ್ಕಿದ್ದಂತೆ ಸೊರಗುತ್ತಿದ್ದರೆ, ಚಳಿಯಲ್ಲೂ ಬೆವರುತ್ತಿದ್ದರೆ, ಎದೆ ಡವಗುಟ್ಟುತ್ತದೆ ಅನ್ನುತ್ತಿದ್ದರೆ, ಗುಣವೇ ಬದಲಾದಂತೆ ರೇಗುತ್ತಿದ್ದರೆ, ಬೈಯುವ ಮುಂಚೆ ಒಂದು ರಕ್ತ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಕಾಯಿಲೆ ಹೆಂಗಸರಲ್ಲಿ ಹೆಚ್ಚು, ಆದರೆ ಗಂಡಸರಿಗೂ ಬರುತ್ತದೆ. ಈಗಾಗಲೇ ಮಾತ್ರೆ ನುಂಗುತ್ತಿರುವವರು ಆರಾಮಾಯಿತೆಂದು ನೀವಾಗಿಯೇ ನಿಲ್ಲಿಸಬೇಡಿ, ಹೆಚ್ಚಿಸಲೂಬೇಡಿ. ಬೇರುಸಹಿತ ವಾಸಿ ಮಾಡುತ್ತೇವೆಂದು ಫೋನಿನಲ್ಲಿ ಪುಡಿ ಮಾರುವವರ ಮಾತು ಕೇಳಬೇಡಿ. ಈ ಮಾತ್ರೆ ನುಂಗುವಾಗ ಜ್ವರ, ಗಂಟಲು ನೋವು ಬಂದರೆ ಅಂದೇ ಆಸ್ಪತ್ರೆಗೆ ಹೋಗಿ.

ನಿಮ್ಮೂರಿನ ಆರೋಗ್ಯ ಕೇಂದ್ರದ ಬಾಗಿಲು ತೆರೆದಿದೆ. ಸೊಸೆಯನ್ನೋ ಮಗಳನ್ನೋ ಒಬ್ಬಳನ್ನೇ ಕಳಿಸಬೇಡಿ. ಜೊತೆಗೆ ನೀವೂ ಹೋಗಿ.