ಕತ್ತರಿ ಹಿಡಿಯದ ಕೈ

"ಅಲ್ಲಾಡಬೇಡಿ ಅಮ್ಮಾ. ಇಲ್ಲಿ ಮೂಳೆ ತೆಳ್ಳಗಿರುತ್ತೆ. ತಲೆ ಒಳಗೆ ನೋಡೋಕೆ ಈ ಯಂತ್ರಕ್ಕಿರೋ ಕಿಟಕಿ ಇದೊಂದೇ," ಎಂದರು ಡಾಕ್ಟರು.

ಕಣತಲೆಗೆ ಹಚ್ಚಿದ ಜೆಲ್ಲು ತಣ್ಣಗೆ ಕಿವಿಯತ್ತ ಜಾರಿತು. ಅಕ್ಕ ಒರೆಸಿಕೊಳ್ಳಲಿಲ್ಲ. ಬಸುರಿಯರ ಹೊಟ್ಟೆಯ ಮೇಲೆ ಆಡಿಸುವ ಸ್ಕ್ಯಾನಿಂಗ್ ಯಂತ್ರವನ್ನು ತನ್ನ ತಲೆಗೆ ಒತ್ತುತ್ತಿದ್ದರೂ ಅವಳಿಗೆ ಹೆದರಿಕೆಯೂ ಆಗಲಿಲ್ಲ, ಕುತೂಹಲವೂ ಆಗಲಿಲ್ಲ. ದೀಪ ಆರಿಸಿದ ಕೋಣೆಯ ಮೂಲೆಯಲ್ಲಿ ತಂಗಿ ಚೀಲ ತಬ್ಬಿಕೊಂಡು ಕೂತಿದ್ದಳು.

ಇಬ್ಬರದೂ ಸೇರಿ ಒಂದು ಹೊಲಿಗೆ ಅಂಗಡಿ. ಅಕ್ಕ ಬಟ್ಟೆ ಕತ್ತರಿಸುವವಳು, ತಂಗಿ ಹೊಲಿಯುವವಳು. ಅಕ್ಕ ಗೆರೆ ಎಳೆದು ಕತ್ತರಿ ಇಟ್ಟಳೆಂದರೆ ಮತ್ತೆ ತಿದ್ದುವ ಮಾತೇ ಇರಲಿಲ್ಲ. ಕಳೆದ ಚಳಿಗಾಲದಲ್ಲಿ ಆ ಕೈಗೆ ಏನೋ ಆಯಿತು. ಕತ್ತರಿ ಹಿಡಿದರೆ ಸಾಕು, ಹೆಬ್ಬೆರಳು ಒಳಕ್ಕೆ ಮಡಚಿ, ಮಣಿಕಟ್ಟು ತಿರುಚಿಕೊಂಡು, ಕೈಯೆಲ್ಲ ನಡುಗುತ್ತಿತ್ತು. ಕೆಳಗಿಟ್ಟರೆ ಮಾಮೂಲಿ. ಬಕೆಟ್ಟು ಎತ್ತುವಳು, ತಲೆ ಬಾಚುವಳು, ಸೂಜಿಗೆ ದಾರವನ್ನೂ ಪೋಣಿಸುವಳು.

"ಎಲ್ಲಕ್ಕೂ ಬರೋ ಕೈ ಕತ್ತರಿ ಕಂಡ್ರೆ ಮಾತ್ರ ಮುನಿಸಿಕೊಳ್ಳುತ್ತಾ?" ಎಂದು ತಂಗಿ ಮೊದಮೊದಲು ನಗೆಯಾಡಿದಳು. ಆಮೇಲೆ ನಗೆ ನಿಂತಿತು. ಹಗಲೆಲ್ಲ ಹೊಲಿದು, ಊಟವಾದ ಮೇಲೆ ಕತ್ತರಿಸುವುದೂ ಅವಳ ತಲೆಗೇ ಬಿತ್ತು. ಅಕ್ಕನ ಕೈಯಲ್ಲಿ ಒಂದು ಕೋಟಿನ ಬಟ್ಟೆ ಅಡ್ಡಾದಿಡ್ಡಿ ಹೋದ ದಿನ ಗಿರಾಕಿಯ ಎದುರಿಗೇ ಅಂದುಬಿಟ್ಟಳು: "ಕೈಗೇನೂ ಆಗಿಲ್ಲ ಬಿಡಿ. ನಮ್ಮಕ್ಕನಿಗೆ ದುಡಿದು ಸಾಕಾಗಿದೆ, ಅಷ್ಟೇ."

ಅಂದಿನಿಂದ ಅಕ್ಕನೊಳಗೆ ಏನೋ ಮರಗಟ್ಟಿಹೋಗಿತ್ತು. ಆಸ್ಪತ್ರೆಗೆ ಬಂದದ್ದೂ ತಂಗಿ ಹಟ ಹಿಡಿದಳೆಂದೇ. ಏನೂ ಇಲ್ಲವೆಂದು ಡಾಕ್ಟರ ಬಾಯಲ್ಲೇ ಹೇಳಿಸಬೇಕೆಂಬುದು ಅವಳ ಹಟ.

"ಇಲ್ಲಿ ನೋಡಿ," ಡಾಕ್ಟರು ಪರದೆ ತಿರುಗಿಸಿದರು. ಬೂದುಬಣ್ಣದ ನಡುವೆ ಒಂದು ಬಿಳಿ ಮಚ್ಚೆ. "ಕೈಕಾಲಿನ ಚಲನೆ ಹದವಾಗಿಡೋ ಜಾಗ ಇದು. ಇಷ್ಟು ಬೆಳ್ಳಗೆ ಕಾಣಬಾರದು. ಇದೊಂದನ್ನೇ ನೋಡಿ ಹೇಳೋಕಾಗಲ್ಲ, ಆದ್ರೆ ಕೈ ತಿರುಚೋ ರೀತಿನೂ ನೋಡಿದೀನಲ್ಲ. ಡಿಸ್ಟೋನಿಯಾ ಅಂತಾರೆ. ಪಳಗಿದ ಒಂದೇ ಕೆಲಸಕ್ಕೆ ಕೈ ಹಾಕಿದಾಗ ಸ್ನಾಯು ತಾನಾಗೇ ಬಿಗಿದು ತಿರುಚಿಕೊಳ್ಳುತ್ತೆ."

"ಅಂದ್ರೆ... ಬೇಕಂತ ಮಾಡ್ತಿರೋದಲ್ವಾ?" ತಂಗಿಯ ದನಿ ಇಳಿದಿತ್ತು.

"ಬೇಕಂತ ಮಾಡಿ ಅಂದ್ರೂ ಹೀಗೆ ಮಾಡೋಕೆ ಬರಲ್ಲಮ್ಮಾ. ಇಂಜೆಕ್ಷನ್ ಕೊಟ್ರೆ ಬಿಗಿ ಸ್ವಲ್ಪ ಸಡಿಲ ಆಗಬಹುದು. ಮೊದಲಿನ ಥರ ಆಗುತ್ತೆ ಅಂತ ಮಾತ್ರ ಮಾತು ಕೊಡಲಾರೆ."

ತಂಗಿ ಬಿಕ್ಕಿಬಿಕ್ಕಿ ಅತ್ತಳು. ಅಕ್ಕ ಪರದೆಯನ್ನೇ ನೋಡುತ್ತಿದ್ದಳು. ಒರೆಸಲು ಮರೆತ ಸೀಮೆಸುಣ್ಣದ ಗುರುತಿನಷ್ಟೇ ಇತ್ತು ಆ ಮಚ್ಚೆ. ಈಗ ತನಗೂ ಅಳು ಬರಬೇಕು, ಇಲ್ಲವೇ ಸಮಾಧಾನವಾಗಬೇಕು ಎಂದು ಕಾದಳು. ಎರಡೂ ಬರಲಿಲ್ಲ.

ಬಸ್ಸಿನಲ್ಲಿ ತಂಗಿ ಅಕ್ಕನ ಪಕ್ಕಕ್ಕೆ ಕೂತಳು.

"ಅಕ್ಕಾ, ಒಂದ್ಸಲ ಬೈದುಬಿಡೇ ನನ್ನ."

"ಯಾಕೆ ಬೈಲಿ? ಕೈಗೇನೂ ಆಗಿಲ್ಲ ಅಂತ ನಾನೂ ಅಂದ್ಕೊಂಡಿದ್ದೆ ಕಣೇ."

ತಂಗಿ ಅವಳ ಮುಖವನ್ನೇ ನೋಡಿದಳು. ಸ್ವಲ್ಪ ಹೊತ್ತಿಗೆ, ನಿದ್ದೆಗೆಟ್ಟ ಎಷ್ಟೋ ರಾತ್ರಿಗಳ ಭಾರಕ್ಕೆ, ಅವಳ ತಲೆ ಅಕ್ಕನ ಭುಜಕ್ಕೆ ವಾಲಿತು. ಬಾಯಿ ಅರೆ ತೆರೆದು ಗೊರಕೆಯೂ ಬಂತು.

ಅವರ ನಿಲ್ದಾಣ ಬಂತು. ನಾಲ್ಕಾರು ಜನ ಇಳಿದರು. ಅಕ್ಕ ಭುಜ ಅಲುಗಿಸಲಿಲ್ಲ. ತಮ್ಮ ಮುಚ್ಚಿದ ಅಂಗಡಿಯ ಬಾಗಿಲು ಕಿಟಕಿಯಾಚೆ ಹಿಂದೆ ಸರಿಯಿತು. ಬಸ್ಸು ಮುಂದಕ್ಕೆ ಹೋಯಿತು.